ಇದ್ದಲ್ಲೇ ಇದ್ದು ಹೆಸರು ಬದಲಾದ ಕಲ್ಲು

ಒಂದು ಕಲ್ಲು ಇದ್ದಲ್ಲೇ ಇದ್ದು, ಯಾರೂ ಅದನ್ನು ಮುಟ್ಟದೆ, ಹೊರಗಿನಿಂದ ಒಂದು ಕಣವೂ ಬಂದು ಸೇರದೆ, ಬೇರೆ ಜಾತಿಯ ಕಲ್ಲಾಗಬಹುದೇ? ತರ್ಕದ ಮೇಷ್ಟರು ಹುಡುಗರನ್ನು ಕಾಡಿಸಲು ಹುಟ್ಟಿಸಿದ ಪ್ರಶ್ನೆಯಂತೆ ಕೇಳಿಸುತ್ತದೆ. ಆದರೆ ಖನಿಜಶಾಸ್ತ್ರದ ನಿಯಮಗಳನ್ನು ಕಟ್ಟುನಿಟ್ಟಾಗಿ ಓದಿದರೆ ಉತ್ತರ ‘ಹೌದು’. ಆ ಕಲ್ಲಿನ ಹೆಸರು ಥೋರಿಯನೈಟ್. ಅಥವಾ ಯುರೇನಿನೈಟ್. ಯಾವುದು ಎನ್ನುವುದೇ ತಕರಾರು.

ನಾನು ಭೂವಿಜ್ಞಾನ ಓದಿದವನು. ಈಗ ಹೈದರಾಬಾದಿನಲ್ಲಿ ಹೊಟ್ಟೆಪಾಡಿಗೆ ಬೇರೇನೋ ಮಾಡುತ್ತೇನೆ. ಓದಿದ್ದರಲ್ಲಿ ಮುಕ್ಕಾಲು ಪಾಲು ಮರೆತುಹೋಗಿದೆ. ಮರೆಯದೆ ಉಳಿದ ಕೆಲವೇ ಸಂಗತಿಗಳಲ್ಲಿ ಈ ಕಲ್ಲಿನದೂ ಒಂದು. ಉಳಿಯಲು ಕಾರಣ ಅದರ ವಿಕಿರಣವಲ್ಲ, ಅದರ ಹೆಸರಿನ ಸಮಸ್ಯೆ.

ಮೊದಲು ಕಲ್ಲನ್ನು ನೋಡೋಣ. ಶ್ರೀಲಂಕಾದ ಬಲಂಗೊಡ ಸುತ್ತಮುತ್ತ ರತ್ನ ಹುಡುಕುವವರು ಹೊಳೆಯ ಹಳೆಯ ಪಾತ್ರಗಳನ್ನು ಅಗೆದು, ಸಿಂಹಳದಲ್ಲಿ ‘ಇಲ್ಲಂ’ ಎಂದು ಕರೆಯುವ ಜಲ್ಲಿಯನ್ನು ಮೇಲೆತ್ತಿ, ಬುಟ್ಟಿಯಲ್ಲಿ ನೀರಾಡಿಸಿ ತೊಳೆಯುತ್ತಾರೆ. ಹಗುರವಾದದ್ದು ಕೊಚ್ಚಿಹೋಗಿ ಭಾರದ್ದು ತಳದಲ್ಲಿ ನಿಲ್ಲುತ್ತದೆ. ಹಾಗೆ ನಿಂತದ್ದರಲ್ಲಿ ನೀಲ, ಮಾಣಿಕ್ಯಗಳ ಜೊತೆಗೆ ಕೆಲವು ಕಡೆ ಪುಟ್ಟ ಕಪ್ಪು ಘನಗಳು ಸಿಗುತ್ತವೆ. ಅಂಚುಗಳು ನೀರಿನಲ್ಲಿ ಉರುಳಿ ಸವೆದಿರುತ್ತವೆ. ದೊಡ್ಡವೆಂದರೂ ಒಂದೂವರೆ ಸೆಂಟಿಮೀಟರು. ಆದರೆ ಅಂಗೈಯಲ್ಲಿಟ್ಟರೆ ಬೆಚ್ಚಿಬೀಳುವಷ್ಟು ತೂಕ: ಸಾಮಾನ್ಯ ಬೆಣಚುಕಲ್ಲಿನ ಸಾಂದ್ರತೆ 2.65 ಆದರೆ ಇದರದು ಹತ್ತರ ಆಸುಪಾಸು. ಗಡಸುತನ ಆರೂವರೆಯಿಂದ ಏಳು. ರಾಳದಂಥ, ಅರೆ ಲೋಹದಂಥ ಮಂದ ಹೊಳಪು. ಒಳಗಿರುವುದು ಮುಖ್ಯವಾಗಿ ಥೋರಿಯಂ ಡೈಆಕ್ಸೈಡ್. ಆಕ್ಸೈಡುಗಳಲ್ಲೇ ಅತಿ ಹೆಚ್ಚು ಶಾಖಕ್ಕೆ, ಸುಮಾರು 3300 ಡಿಗ್ರಿ ಸೆಲ್ಸಿಯಸ್ಸಿಗೆ, ಕರಗುವ ವಸ್ತು. ನಮ್ಮೂರುಗಳ ಜಾತ್ರೆಯಲ್ಲೂ ಯಕ್ಷಗಾನದ ರಂಗಸ್ಥಳದಲ್ಲೂ ಗ್ಯಾಸ್‌ಲೈಟು ಉರಿಯುತ್ತಿದ್ದ ಕಾಲವನ್ನು ನೋಡಿದವರಿಗೆ ಇದರ ಪರಿಚಯ ಗೊತ್ತಿಲ್ಲದೆಯೇ ಆಗಿದೆ. ಆ ದೀಪದ ಮ್ಯಾಂಟಲು ಸುಟ್ಟ ಮೇಲೆ ಉಳಿಯುತ್ತಿದ್ದ, ಬೆರಳು ತಾಗಿದರೆ ಪುಡಿಯಾಗುತ್ತಿದ್ದ ಬಿಳಿ ಬಲೆಯಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ಇದೇ ಥೋರಿಯಂ ಆಕ್ಸೈಡ್, ಒಂದು ಪಾಲು ಸೀರಿಯಂ ಆಕ್ಸೈಡ್.

ಈ ಕಪ್ಪು ಘನವನ್ನು 1904ರಲ್ಲಿ ಮೊದಲು ವಿವರಿಸಿದವರು ಸಿಲೋನಿನ ಖನಿಜ ಸಮೀಕ್ಷೆಯ ನಿರ್ದೇಶಕರಾಗಿದ್ದ ಇಪ್ಪತ್ತಾರರ ತರುಣ. ಹೆಸರು ಆನಂದ ಕುಮಾರಸ್ವಾಮಿ. ಹೌದು, ನಟರಾಜನ ನೃತ್ಯದ ಬಗ್ಗೆ, ರಜಪೂತ ಚಿತ್ರಕಲೆಯ ಬಗ್ಗೆ ಬರೆದು, ಬಾಸ್ಟನ್ನಿನ ಮ್ಯೂಸಿಯಮ್ಮಿನಲ್ಲಿ ಮೂವತ್ತು ವರ್ಷ ಕಳೆದ ಅದೇ ಕುಮಾರಸ್ವಾಮಿ. ಅವರ ಕಲಾಮೀಮಾಂಸೆಯನ್ನು ಓದಿದ ಬಹಳ ಮಂದಿಗೆ ಅವರು ಲಂಡನ್ನಿನಲ್ಲಿ ಭೂವಿಜ್ಞಾನದ ಡಾಕ್ಟರೇಟ್ ಪಡೆದವರೆಂಬುದು ತಿಳಿದಿರುವುದಿಲ್ಲ. ಕಪ್ಪು, ಭಾರ, ಘನಾಕೃತಿ, ಯುರೇನಿಯಂ ಇದೆ. ಆದ್ದರಿಂದ ಇದು ಯುರೇನಿನೈಟ್ ಎಂದು ಅವರು ವರ್ಗೀಕರಿಸಿದರು. ಮಾದರಿಗಳು ಲಂಡನ್ನಿನ ಇಂಪೀರಿಯಲ್ ಇನ್‌ಸ್ಟಿಟ್ಯೂಟ್ ತಲುಪಿದವು. ವಸಾಹತುಗಳಲ್ಲಿ ಮಾರಾಟಕ್ಕೆ ಬರುವಂಥದ್ದು ಏನೇನಿದೆ ಎಂದು ಪರೀಕ್ಷಿಸುವುದು ಆ ಸಂಸ್ಥೆಯ ಕೆಲಸ. ಅಲ್ಲಿ ವಿಂಡಮ್ ಡನ್‌ಸ್ಟನ್ ವಿಶ್ಲೇಷಣೆ ಮಾಡಿ ನೋಡಿದರೆ ಸುಮಾರು ಮುಕ್ಕಾಲು ಪಾಲು ಥೋರಿಯಂ ಆಕ್ಸೈಡ್. ಯುರೇನಿಯಂ ಇದೆ, ಆದರೆ ಚಿಲ್ಲರೆ. ಇದು ಹೊಸ ಖನಿಜ ಎಂದು ಸಾರಿ ಥೋರಿಯನೈಟ್ ಎಂದು ಹೆಸರಿಟ್ಟರು.

ಇದನ್ನು ಒಬ್ಬರ ತಪ್ಪು, ಇನ್ನೊಬ್ಬರ ತಿದ್ದುಪಡಿ ಎಂದು ಹೇಳಿ ಮುಗಿಸುವುದು ಸುಲಭ. ಪಠ್ಯಪುಸ್ತಕಗಳು ಮುಗಿಸುವುದೂ ಹಾಗೆಯೇ. ನನಗೆ ಅಷ್ಟಕ್ಕೆ ಸಮಾಧಾನವಿಲ್ಲ. ಏಕೆಂದರೆ ಥೋರಿಯನೈಟ್ ಮತ್ತು ಯುರೇನಿನೈಟ್ ಎರಡು ಬೇರೆ ಬೇರೆ ಮನೆಗಳಲ್ಲ, ಒಂದೇ ಉದ್ದನೆಯ ವಠಾರದ ಎರಡು ತುದಿಗಳು. ಎರಡರ ಪರಮಾಣು ಜೋಡಣೆಯೂ ಒಂದೇ, ಫ್ಲೋರೈಟಿನ ನಮೂನೆ. ಅದರಲ್ಲಿ ಲೋಹದ ಪರಮಾಣುವಿಗೆಂದು ಮೀಸಲಾದ ಆಸನಗಳಿವೆ. ಆ ಆಸನದಲ್ಲಿ ಥೋರಿಯಂ ಕೂತರೂ ಸರಿ, ಯುರೇನಿಯಂ ಕೂತರೂ ಸರಿ. ಗಾತ್ರ ಹೆಚ್ಚುಕಡಿಮೆ ಒಂದೇ. ಸೀರಿಯಂ ಸಹ ಅಲ್ಲಲ್ಲಿ ಬಂದು ಕೂರುತ್ತದೆ. ಶುದ್ಧ ಥೋರಿಯಂ ಆಕ್ಸೈಡಿನಿಂದ ಶುದ್ಧ ಯುರೇನಿಯಂ ಆಕ್ಸೈಡಿನವರೆಗೆ ಯಾವ ಪ್ರಮಾಣದಲ್ಲಿ ಬೇಕಾದರೂ ಬೆರಕೆ ಸಾಧ್ಯ. ನಡುವೆ ಗೋಡೆಯಿಲ್ಲ, ಬಾಗಿಲೂ ಇಲ್ಲ. ಸ್ಟ್ರುಂಟ್ಸ್ ವರ್ಗೀಕರಣದಲ್ಲಿ ಎರಡೂ ಒಂದೇ ಖಾನೆಯಲ್ಲಿ, 4.ಡಿಎಲ್.05 ಎಂಬಲ್ಲಿ, ಪಕ್ಕಪಕ್ಕ ಕೂತಿವೆ.

ಹಾಗಾದರೆ ಹೆಸರು ಎಲ್ಲಿ ಬದಲಾಗಬೇಕು? ಖನಿಜಶಾಸ್ತ್ರಜ್ಞರು ಒಂದು ನಿಯಮ ಮಾಡಿಕೊಂಡಿದ್ದಾರೆ: ಆ ಆಸನಗಳಲ್ಲಿ ಯಾವುದರ ಸಂಖ್ಯೆ ಹೆಚ್ಚೋ ಅದರ ಹೆಸರು. ಎರಡೇ ಇದ್ದಾಗ ಇದು ಐವತ್ತರ ಗೆರೆ. ನೂರರಲ್ಲಿ 51 ಥೋರಿಯಂ ಇದ್ದರೆ ಥೋರಿಯನೈಟ್, 51 ಯುರೇನಿಯಂ ಇದ್ದರೆ ಯುರೇನಿನೈಟ್. ನಡುವಿನವಕ್ಕೆ ‘ಯುರೇನೋಥೋರಿಯನೈಟ್’ ಎನ್ನುವ ವಾಡಿಕೆಯ ಹೆಸರಿದೆ, ಸೈಬೀರಿಯಾದಿಂದ ಬಂದ ‘ಆಲ್ಡನೈಟ್’ ಎಂಬ ಹೆಸರೂ ಇತ್ತು. ಅವೆಲ್ಲ ಪ್ರಭೇದಗಳು ಮಾತ್ರ, ಜಾತಿಯ ಸ್ಥಾನ ಅವಕ್ಕಿಲ್ಲ. ಚುನಾವಣೆಯಲ್ಲಿ ಒಂದು ಮತದಿಂದ ಗೆದ್ದವನೂ ಶಾಸಕನೇ ತಾನೇ, ಹಾಗೆ.

ಈಗ ಮೊದಲಿನ ಪ್ರಶ್ನೆಗೆ ಬರುತ್ತೇನೆ. ಥೋರಿಯಂ, ಯುರೇನಿಯಂ ಎರಡೂ ಕ್ಷಯಿಸುತ್ತವೆ, ಆದರೆ ಒಂದೇ ವೇಗದಲ್ಲಲ್ಲ. ಥೋರಿಯಂ-232ರ ಅರ್ಧಾಯುಷ್ಯ ಸುಮಾರು 1405 ಕೋಟಿ ವರ್ಷ, ಯುರೇನಿಯಂ-238ರದು ಸುಮಾರು 447 ಕೋಟಿ ವರ್ಷ. ಯುರೇನಿಯಂ ಬೇಗ ಕರಗುವ ಆಸ್ತಿ. ಸುಮಾರು 55 ಕೋಟಿ ವರ್ಷದ ಹಿಂದೆ, ಅಂದರೆ ಶ್ರೀಲಂಕಾದ ಈ ಹರಳುಗಳ ಪ್ರಾಯದಷ್ಟು ಹಿಂದೆ, ಒಂದು ಹರಳು ಹುಟ್ಟಿತು ಎಂದುಕೊಳ್ಳಿ. ಅದರ ನೂರು ಆಸನಗಳಲ್ಲಿ 51 ಯುರೇನಿಯಂ, 49 ಥೋರಿಯಂ. ಹುಟ್ಟಿದ ದಿನ ಅದು ನಿರ್ವಿವಾದವಾಗಿ ಯುರೇನಿನೈಟ್. ಇವತ್ತು ಅದನ್ನು ತೆಗೆದು ಅಳೆದರೆ? ಯುರೇನಿಯಂ 46.8ಕ್ಕೆ ಇಳಿದಿರುತ್ತದೆ, ಥೋರಿಯಂ 47.7ಕ್ಕೆ. ಉಳಿದದ್ದು ಸೀಸ. ಈಗ ಅದು ಥೋರಿಯನೈಟ್. ಯಾರೂ ಮುಟ್ಟಲಿಲ್ಲ, ಒಂದು ಕಣ ಥೋರಿಯಂ ಒಳಗೆ ಬರಲಿಲ್ಲ; ನಿಜ ಹೇಳಬೇಕೆಂದರೆ ಇದ್ದ ಥೋರಿಯಮ್ಮೂ ಸವೆದಿದೆ. ಆದರೂ ಹೆಸರು ದಾಟಿಹೋಯಿತು. ಬಹುಮತ ಹೆಚ್ಚಿ ಗೆದ್ದದ್ದಲ್ಲ, ಎದುರಾಳಿ ತನಗಿಂತ ಬೇಗ ಸವೆದದ್ದರಿಂದ ಗೆದ್ದದ್ದು.

ಆ ಗೆರೆ ದಾಟಿದ ಕ್ಷಣದಲ್ಲಿ ಹರಳಿನೊಳಗೆ ಏನಾಯಿತು? ಏನೂ ಇಲ್ಲ. ಹಿಂದಿನ ಕ್ಷಣದಲ್ಲಿ ಕ್ಷಯಿಸಿದಂತೆಯೇ ಇನ್ನೊಂದು ಪರಮಾಣು ಕ್ಷಯಿಸಿತು, ಅಷ್ಟೆ. ಮಿಲಿಂದ ರಾಜನಿಗೆ ನಾಗಸೇನ ಕೊಡುವ ದೀಪದ ದೃಷ್ಟಾಂತ ನೆನಪಾಗುತ್ತದೆ: ರಾತ್ರಿಯ ಮೊದಲ ಜಾವದ ಜ್ವಾಲೆ ಕೊನೆಯ ಜಾವದ ಜ್ವಾಲೆಯೇ ಹೌದೇ, ಅಲ್ಲವೇ? ಎರಡೂ ಉತ್ತರ ಸರಿಹೊಂದುವುದಿಲ್ಲ. ಸಿಂಹಳದ ಭಿಕ್ಷುಗಳು ಶತಮಾನಗಳಿಂದ ಜತನವಾಗಿ ಕಾಪಾಡಿದ ಪಠ್ಯದಲ್ಲಿ ಈ ಪ್ರಶ್ನೆ ಇದೆ. ಅದೇ ದ್ವೀಪದ ಹೊಳೆಯ ಜಲ್ಲಿಯಲ್ಲಿ ಅದೇ ಪ್ರಶ್ನೆ ಕಪ್ಪು ಘನವಾಗಿ ಬಿದ್ದಿತ್ತು.

ನಮ್ಮ ನೈಯಾಯಿಕರು ಇದನ್ನು ಬೇರೆ ದಾರಿಯಲ್ಲಿ ಹಿಡಿದರು. ವಸ್ತುಗಳನ್ನು ಒಟ್ಟುಗೂಡಿಸುವ ಧರ್ಮಗಳಲ್ಲಿ ಎರಡು ಬಗೆ ಎನ್ನುತ್ತಾರೆ ಅವರು. ‘ಜಾತಿ’ ಎಂದರೆ ವಸ್ತುವಿನಲ್ಲೇ ನಿಜವಾಗಿ ಇರುವುದು, ‘ಉಪಾಧಿ’ ಎಂದರೆ ನಾವು ನಮ್ಮ ಅನುಕೂಲಕ್ಕೆ ಹೊರಿಸಿದ್ದು. ಯಾವುದು ಜಾತಿಯಾಗಲಾರದು ಎನ್ನುವುದಕ್ಕೆ ಹತ್ತನೆಯ ಶತಮಾನದ ಉದಯನ ಆರು ತಡೆಗಳನ್ನು ಹೇಳಿದ. ಅವುಗಳಲ್ಲಿ ಒಂದು ‘ಸಂಕರ’. ಎರಡು ಧರ್ಮಗಳು ಕೆಲವು ಕಡೆ ಒಂಟಿಯಾಗಿ, ಕೆಲವು ಕಡೆ ಒಟ್ಟಾಗಿ ಇದ್ದು, ಒಂದರೊಳಗೆ ಒಂದು ಪೂರ್ತಿ ಅಡಗದಿದ್ದರೆ ಅವು ಜಾತಿಗಳಲ್ಲ. ಥೋರಿಯಂ ಇರುವಿಕೆ, ಯುರೇನಿಯಂ ಇರುವಿಕೆ ಎನ್ನುವುದು ಇದಕ್ಕೆ ಹೇಳಿ ಮಾಡಿಸಿದ ಉದಾಹರಣೆ. ಉದಯನನ ಪ್ರಕಾರ ಐವತ್ತರ ಗೆರೆ ಉಪಾಧಿಯೇ ಸರಿ. ಶಾಸ್ತ್ರದಲ್ಲಿ ಇಷ್ಟು ಸೂಕ್ಷ್ಮವಾಗಿ ಯೋಚಿಸಿದ ನಾವು, ಅದೇ ‘ಜಾತಿ’ ಎಂಬ ಪದವನ್ನು ಮನುಷ್ಯರ ಮೇಲೆ ಹೊರಿಸುವಾಗ ಆ ಆರು ತಡೆಗಳಲ್ಲಿ ಒಂದನ್ನೂ ಪರೀಕ್ಷಿಸಲಿಲ್ಲ ಎಂಬುದನ್ನು ಇಲ್ಲಿ ಹೇಳದೆ ಮುಂದೆ ಹೋಗಲು ಮನಸ್ಸು ಬರುತ್ತಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದವರು ಪರೀಕ್ಷಿಸಿದರು. ಅದಕ್ಕೆ ಅವರು ತೆತ್ತ ಬೆಲೆ ನಮಗೆ ಗೊತ್ತಿದೆ.

ಇಲ್ಲಿಗೆ ಬಂದ ಬಹಳ ಜನ ಒಂದು ಸುಲಭದ ತೀರ್ಮಾನಕ್ಕೆ ಜಾರುತ್ತಾರೆ. ಗೆರೆಗಳೆಲ್ಲ ಮನುಷ್ಯ ಎಳೆದದ್ದು, ಆದ್ದರಿಂದ ಹೆಸರುಗಳೆಲ್ಲ ಸುಳ್ಳು, ಎಲ್ಲವೂ ಒಂದೇ ಎಂದು. ಸಾಹಿತ್ಯದ ಸಭೆಗಳಲ್ಲಿ ಚಪ್ಪಾಳೆ ಗಿಟ್ಟುವ ಮಾತು. ಕಲ್ಲು ಇದನ್ನು ಒಪ್ಪುವುದಿಲ್ಲ. ಹೊಳೆಯ ಜಲ್ಲಿಯಲ್ಲಿ ಥೋರಿಯನೈಟ್ ಸಿಕ್ಕಿತು, ಶುದ್ಧ ಯುರೇನಿನೈಟ್ ಅಲ್ಲಿ ಹಾಗೆ ಉಳಿಯುವುದು ಬಹಳ ಕಷ್ಟ. ಯಾಕೆ? ಯುರೇನಿಯಮ್ಮಿಗೆ ಆಮ್ಲಜನಕ ಸಿಕ್ಕರೆ ಅದು ಇನ್ನೂ ಎರಡು ಎಲೆಕ್ಟ್ರಾನು ಬಿಟ್ಟುಕೊಟ್ಟು ನೀರಿನಲ್ಲಿ ಕರಗುವ ರೂಪಕ್ಕೆ ಹೋಗುತ್ತದೆ. ಥೋರಿಯಂ ಹೋಗುವುದಿಲ್ಲ, ಅದಕ್ಕೆ ಇರುವುದು ಒಂದೇ ನಿಲುವು. ಹಾಗಾಗಿ ಗಾಳಿ ಬೆರೆತ ಹೊಳೆಯಲ್ಲಿ ಯುರೇನಿನೈಟಿನ ಹರಳು ಉರುಳುತ್ತಾ ಕರಗಿಹೋಗುತ್ತದೆ, ಥೋರಿಯನೈಟ್ ಅಂಚು ಸವೆಸಿಕೊಂಡು ಉಳಿಯುತ್ತದೆ. ದಕ್ಷಿಣ ಆಫ್ರಿಕಾದ ವಿಟ್‌ವಾಟರ್ಸ್‌ರಾಂಡಿನ ಹಳೆಯ ಕಲ್ಲುಂಡೆ ಶಿಲೆಗಳಲ್ಲಿ ಹೊಳೆ ಉರುಳಿಸಿದ ಯುರೇನಿನೈಟಿನ ಕಾಳುಗಳು ಸಿಗುತ್ತವೆ. ಸುಮಾರು 240 ಕೋಟಿ ವರ್ಷಗಳ ಹಿಂದಿನವರೆಗೆ ಭೂಮಿಯ ಗಾಳಿಯಲ್ಲಿ ಆಮ್ಲಜನಕ ಇರಲೇ ಇಲ್ಲ ಎನ್ನುವುದಕ್ಕೆ ಅವೇ ಸಾಕ್ಷಿ. ನಮ್ಮ ಬಾಬಾಬುಡನ್ ಶಿಲಾಗುಂಪಿನ ಬುಡದಲ್ಲೂ ಯುರೇನಿಯಂ ಇರುವ ಅದೇ ಬಗೆಯ ಕಲ್ಲುಂಡೆ ಶಿಲೆಗಳಿವೆ. ಅಂದರೆ ಎರಡು ತುದಿಗಳ ನಡುವಿನ ವ್ಯತ್ಯಾಸ ಲಂಡನ್ನಿನ ಪ್ರಯೋಗಶಾಲೆಯಲ್ಲಿ ಹುಟ್ಟಿದ್ದಲ್ಲ. ಹೊಳೆ ಅದನ್ನು ಬಲ್ಲದು, ಗಾಳಿ ಬಲ್ಲದು. ಐವತ್ತೆಂಬ ಅಂಕಿ ಮಾತ್ರ ನಮ್ಮದು. ತುದಿಗಳು ನಿಜ, ಇಳಿಜಾರೂ ನಿಜ, ಇಳಿಜಾರಿನಲ್ಲಿ ನೆಟ್ಟ ಗಡಿಕಲ್ಲು ಕರಾರು.

ಇಷ್ಟಕ್ಕೇ ನಿಂತಿದ್ದರೆ ಪ್ರಶ್ನೆ ಅಚ್ಚುಕಟ್ಟಾಗಿರುತ್ತಿತ್ತು. ಆದರೆ ಅದೇ ಖನಿಜಶಾಸ್ತ್ರ ಇನ್ನೊಂದು ಗುಂಪಿನ ಕಲ್ಲುಗಳಿಗೆ ಬಂದಾಗ ಸದ್ದಿಲ್ಲದೆ ನಿಯಮ ಬದಲಿಸುತ್ತದೆ.

ವಿಕಿರಣಶೀಲ ಹರಳಿನೊಳಗೆ ಒಂದೊಂದು ಪರಮಾಣು ಸಿಡಿದಾಗಲೂ ಅದರ ಹಿನ್ನೂಕು ಸುತ್ತಲಿನ ನೂರಾರು ಪರಮಾಣುಗಳನ್ನು ಆಸನದಿಂದ ಎಬ್ಬಿಸಿ ಎಸೆಯುತ್ತದೆ. ಥೋರಿಯನೈಟಿನ ಜಾಲ ಗಟ್ಟಿಗ; ಎದ್ದವು ಮತ್ತೆ ಬಂದು ಕೂರುತ್ತವೆ, ಹರಳು ಹರಳಾಗಿಯೇ ಉಳಿಯುತ್ತದೆ. ಬ್ರಾನರೈಟ್, ಯೂಕ್ಸೆನೈಟ್, ಸಮರ್ಸ್ಕೈಟ್ ಮುಂತಾದ ಇತರ ಆಕ್ಸೈಡುಗಳಿಗೆ ಆ ತ್ರಾಣವಿಲ್ಲ. ಕೋಟ್ಯಂತರ ವರ್ಷಗಳಲ್ಲಿ ಒಳಗಿನ ವ್ಯವಸ್ಥೆಯೆಲ್ಲ ಕುಸಿದು ಗಾಜಿನಂತಾಗುತ್ತದೆ. ಹೊರಗಿನ ಮುಖಗಳು, ಅಂಚುಗಳು, ಕೋನಗಳು ಹಾಗೇ ಇರುತ್ತವೆ. ನಾರ್ವೆಯ ಬ್ರೋಗರ್ 1893ರಲ್ಲಿ ಇಂಥವಕ್ಕೆ ‘ಮೆಟಮಿಕ್ಟ್’ ಎಂದು ಹೆಸರಿಟ್ಟ. ನೆಲ್ಲೂರಿನ ಅಭ್ರಕದ ಗಣಿಗಳ ಕಡೆ ಸಮರ್ಸ್ಕೈಟ್ ಸಿಗುತ್ತದೆ. ಒಡೆದರೆ ಒಳಗೆ ಕಪ್ಪು ಗಾಜಿನ ಒಡಕಿನಂಥ ಹೊಳಪು. (ಹೆಸರಿನ ಮಾತು ಬಂದದ್ದರಿಂದ: ಸಮರ್ಸ್ಕಿ ಎಂಬಾತ ರಷ್ಯದ ಗಣಿ ಇಲಾಖೆಯ ಅಧಿಕಾರಿ. ಜರ್ಮನ್ ವಿಜ್ಞಾನಿಗಳಿಗೆ ಮಾದರಿ ನೋಡಲು ಅನುಮತಿ ಕೊಟ್ಟದ್ದೇ ಆತನ ಸಾಧನೆ. ಖನಿಜಕ್ಕೆ ಅವನ ಹೆಸರು ಬಂತು, ಆ ಖನಿಜದಲ್ಲಿ ಸಿಕ್ಕ ಸಮೇರಿಯಂ ಧಾತುವಿಗೂ ಬಂತು. ಅರ್ಜಿಗೆ ಸಹಿ ಹಾಕಿ ಆವರ್ತ ಕೋಷ್ಟಕದಲ್ಲಿ ಕೂತ ಅಧಿಕಾರಿ ಪ್ರಪಂಚದಲ್ಲಿ ಬಹುಶಃ ಅವನೊಬ್ಬನೇ.)

ಖನಿಜ ಎನ್ನಿಸಿಕೊಳ್ಳಲು ಸಾಮಾನ್ಯವಾಗಿ ಹರಳಿನ ವ್ಯವಸ್ಥೆ ಬೇಕು. ಇವುಗಳಲ್ಲಿ ಅದಿಲ್ಲ. ಹಾಗಾದರೆ ಖನಿಜಗಳ ಪಟ್ಟಿಯಿಂದ ಹೊರಗೆ ಹಾಕಬೇಕಲ್ಲವೇ? ಹಾಕುವುದಿಲ್ಲ. ಮೂಲದಲ್ಲಿ ಇದೇ ಸಂಯೋಜನೆಯ ಹರಳಾಗಿತ್ತು ಎಂದು ತಕ್ಕಮಟ್ಟಿಗೆ ಖಚಿತವಾಗಿ ತೋರಿಸಿಕೊಟ್ಟರೆ ಒಪ್ಪಬಹುದು ಎನ್ನುತ್ತದೆ ನಿಯಮ. ಅನೇಕ ಸಲ ಹದವಾಗಿ ಕಾಯಿಸಿದರೆ ಪರಮಾಣುಗಳು ಮತ್ತೆ ಸಾಲುಗಟ್ಟಿ ನಿಲ್ಲುತ್ತವೆ ಎನ್ನುವುದೂ ಇದರ ಹಿಂದಿರುವ ಧೈರ್ಯ.

ಗಮನಿಸಿ. ಥೋರಿಯನೈಟಿಗೆ ಕೇಳುವ ಪ್ರಶ್ನೆ ‘ಈಗ ನಿನ್ನಲ್ಲಿ ಎಷ್ಟಿದೆ?’ ಹುಟ್ಟು ಲೆಕ್ಕಕ್ಕಿಲ್ಲ. ಸಮರ್ಸ್ಕೈಟಿಗೆ ಕೇಳುವ ಪ್ರಶ್ನೆ ‘ನೀನು ಏನಾಗಿದ್ದೆ?’ ಈಗಿನ ಸ್ಥಿತಿಗೆ ಮಾಫಿ. ಒಂದೇ ಶಾಸ್ತ್ರ, ಒಂದೇ ವಿಕಿರಣ, ಎರಡು ನ್ಯಾಯ.

ಹೊರನಾಡಿನಲ್ಲಿರುವ ನಮಗೆ ಈ ಎರಡು ನ್ಯಾಯಗಳೂ ಚೆನ್ನಾಗಿ ಪರಿಚಿತ. ಭಾರತದ ಜನಗಣತಿಯಲ್ಲಿ ಮಾತೃಭಾಷೆಯ ವ್ಯಾಖ್ಯೆ ಮೆಟಮಿಕ್ಟ್ ನಿಯಮವೇ: ಬಾಲ್ಯದಲ್ಲಿ ತಾಯಿ ನಿಮ್ಮೊಂದಿಗೆ ಆಡಿದ ಭಾಷೆ. ಈಗ ನೀವು ಅದರಲ್ಲಿ ಒಂದು ಅಕ್ಷರ ಓದಬಲ್ಲಿರೋ ಇಲ್ಲವೋ ಯಾರೂ ಕೇಳುವುದಿಲ್ಲ. ಕರ್ನಾಟಕದ ವೃತ್ತಿಶಿಕ್ಷಣದ ಸೀಟಿಗೆ ಅರ್ಜಿ ಹಾಕುವ ಹೊರನಾಡು, ಗಡಿನಾಡಿನ ಕನ್ನಡಿಗ ಮಕ್ಕಳಿಗಾದರೆ ಎರಡೂ ಬೇಕು. ಮಾತೃಭಾಷೆಯ ಕಾಗದವೂ ಬೇಕು, ಕನ್ನಡ ಭಾಷಾ ಪರೀಕ್ಷೆಯಲ್ಲಿ ಪಾಸೂ ಆಗಬೇಕು. ರಾಜ್ಯದೊಳಗೆ ಓದಿದವರಿಗೆ ಏಳು ವರ್ಷದ ವ್ಯಾಸಂಗದ ಲೆಕ್ಕ ಬೇರೆ ಇದೆ. ಮೂಲ, ಈಗಿನ ಪ್ರಮಾಣ, ಇದ್ದ ಅವಧಿ, ಮೂರು ತಕ್ಕಡಿ. ಇದನ್ನು ನಾನು ಗೇಲಿ ಮಾಡುತ್ತಿಲ್ಲ. ಸೀಟುಗಳು ಎಣಿಸಿದಷ್ಟೇ ಇರುವಾಗ ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು.

2011ರ ಗಣತಿಯಲ್ಲಿ ಜನ ತಮ್ಮ ಮಾತೃಭಾಷೆ ಎಂದು ಬರೆಸಿದ ಹೆಸರುಗಳು 19,569. ಅವುಗಳನ್ನು ಸೋಸಿ, ಜೋಡಿಸಿ 1,369 ಮಾತೃಭಾಷೆಗಳನ್ನಾಗಿ ಮಾಡಿದರು. ಮತ್ತೆ ಗುಂಪು ಮಾಡಿ, ಹತ್ತು ಸಾವಿರಕ್ಕಿಂತ ಹೆಚ್ಚು ಜನ ಆಡುವ 121 ಭಾಷೆಗಳ ಪಟ್ಟಿ ಕೊಟ್ಟರು. ‘ಕನ್ನಡ’ ಎಂಬ ಖಾನೆಯ ಕೆಳಗೆ ನೀಲಗಿರಿಯ ಬಡಗ ಇದೆ. ಸುಮಾರು 1 ಲಕ್ಷ 33 ಸಾವಿರ ಜನ ತಮ್ಮ ಮಾತು ಬಡಗ ಎಂದೇ ಬರೆಸಿದ್ದರು. ಅವರು ಹೇಳಿದ್ದು ಬಡಗ, ಒಟ್ಟು ಮೊತ್ತದಲ್ಲಿ ಸೇರಿದ್ದು ಕನ್ನಡ. ನಮ್ಮ ಸಂಖ್ಯೆ ಹೆಚ್ಚಿತೆಂದು ಖುಷಿಪಡಬಹುದು. ಆದರೆ ಇದೇ ಕೆಲಸವನ್ನು ಬೇರೊಂದು ದೊಡ್ಡ ಭಾಷೆ ನಮಗೆ ಮಾಡಿದ್ದರೆ ನಾವು ಏನೆನ್ನುತ್ತಿದ್ದೆವು ಎಂದು ಒಮ್ಮೆ ಕೇಳಿಕೊಳ್ಳಬೇಕಾಗುತ್ತದೆ.

ಎರಡು ವರ್ಷದ ಹಿಂದೆ ಹಾಸನದ ಕಡೆ ಒಂದು ಮದುವೆಯಲ್ಲಿ ನಮ್ಮ ಸೋದರಮಾವ ಊಟಕ್ಕೆ ಕೂತಾಗ ನನ್ನ ಮಗಳೊಂದಿಗೆ ಸ್ವಲ್ಪ ಹೊತ್ತು ಮಾತಾಡಿದರು. ಅವಳು ಕನ್ನಡದಲ್ಲೇ ಉತ್ತರ ಕೊಟ್ಟಳು, ಆದರೆ ನಡುನಡುವೆ ತೆಲುಗಿನ ‘ಅವುನು’, ‘ಕದಾ’ ನುಸುಳುತ್ತಿತ್ತು. ಆಮೇಲೆ ಕೈತೊಳೆಯುವಲ್ಲಿ ಮಾವ ನನಗೆ ಹೇಳಿದರು: “ಬೇಜಾರು ಮಾಡ್ಕೋಬೇಡ ಕಣೋ, ನಿನ್ನ ಮಗಳು ಆ ಕಡೆಯವಳಾಗಿ ಹೋದ್ಲು.” ಪ್ರೀತಿಯ ಮನುಷ್ಯ, ನೋಯಿಸಬೇಕೆಂದು ಹೇಳಿದ್ದಲ್ಲ. ಅವರೂ ಐವತ್ತರ ಗೆರೆಯಲ್ಲಿ ಅಳೆದರು, ಅಷ್ಟೆ. ನಾನು ಆಗ “ಏ ಇಲ್ಲ ಬಿಡಿ ಮಾವ” ಎಂದು ನಕ್ಕು ಸುಮ್ಮನಾದೆ. ವಾದ ಹೂಡುವ ಜಾಗ ಅದಲ್ಲ.

ವಾದ ಹೂಡಿದ್ದರೆ ಹೀಗೆ ಹೇಳುತ್ತಿದ್ದೆ. ಹರಳಿನಲ್ಲಿ ಐವತ್ತರ ನಿಯಮಕ್ಕೆ ಅರ್ಥವಿರುವುದು ಆಸನಗಳು ಎಣಿಕೆಯವು ಎಂಬ ಕಾರಣಕ್ಕೆ. ಥೋರಿಯಂ ಕೂತ ಕಡೆ ಯುರೇನಿಯಂ ಕೂರಲಾರದು. ಒಂದರ ಲಾಭ ಇನ್ನೊಂದರ ನಷ್ಟ. ಮನುಷ್ಯನೊಳಗೆ ಭಾಷೆಗಳು ಹಾಗೆ ಕೂರುವುದಿಲ್ಲ. ‘ಅವುನು’ ಕಲಿತ ನಾಲಿಗೆಯಿಂದ ‘ಹೌದು’ ಎದ್ದುಹೋಗುವುದಿಲ್ಲ. ಧಾರವಾಡ, ಬೆಳಗಾವಿ, ಕಾಸರಗೋಡು, ಕೋಲಾರದ ಮಂದಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎರಡು ಮೂರು ಭಾಷೆಗಳನ್ನು ಅವರು ಲೆಕ್ಕವಿಡದೆ ಬಳಸುತ್ತಾರೆ. ಆದ್ದರಿಂದ ‘ಶೇಕಡಾ ಎಷ್ಟು ಕನ್ನಡ?’ ಎಂಬ ಪ್ರಶ್ನೆಯೇ ಕಲ್ಲಿನಿಂದ ಎರವಲು ತಂದದ್ದು.

ಆದರೆ ಈ ವಾದದಲ್ಲಿ ಒಂದು ತೂತಿದೆ, ಅದನ್ನು ಮುಚ್ಚಿಟ್ಟು ಗೆಲ್ಲಲು ನನಗೆ ಇಷ್ಟವಿಲ್ಲ. ನಾಲಿಗೆಯಲ್ಲಿ ಆಸನಗಳು ಎಣಿಕೆಯವಲ್ಲ, ನಿಜ. ದಿನದಲ್ಲಿ ಗಂಟೆಗಳು ಎಣಿಕೆಯವು. ಶಾಲೆ ಎಂಟು ಗಂಟೆ ಇಂಗ್ಲಿಷ್, ಕೆಳಗಿನ ಆಟದ ಜಾಗದಲ್ಲಿ ಎರಡು ಗಂಟೆ ತೆಲುಗು. ಅಜ್ಜಿಯ ಫೋನು ಹತ್ತು ನಿಮಿಷ ಕನ್ನಡ. ಅರ್ಧಾಯುಷ್ಯ ಇರುವುದು ಇಲ್ಲಿ. ಬೇರೆ ಭಾಷೆ ಒಳಗೆ ಬಂದದ್ದರಿಂದ ಅಲ್ಲ, ನಮ್ಮದು ಬಳಕೆಯಿಲ್ಲದೆ ಬೇಗ ಸವೆಯುವುದರಿಂದ ಗೆರೆ ದಾಟುತ್ತದೆ. ನೂರರಲ್ಲಿ 51 ಯುರೇನಿಯಂ ಇದ್ದ ಆ ಹರಳಿನಂತೆಯೇ. ಈ ಭಾಗದಲ್ಲಿ ಮಾವನ ಕಣ್ಣು ಸರಿಯಾಗಿಯೇ ನೋಡಿತ್ತು ಎಂದು ಒಪ್ಪುತ್ತೇನೆ. ಅವರು ನೋಡಿದ್ದನ್ನು ಅಲ್ಲಗಳೆಯುವುದಿಲ್ಲ, ಹೇಳಿದ್ದನ್ನು ಅಲ್ಲಗಳೆಯುತ್ತೇನೆ.

ಏಕೆಂದರೆ ಕಲ್ಲಿಗೂ ಹುಡುಗಿಗೂ ಒಂದು ವ್ಯತ್ಯಾಸವಿದೆ. ಥೋರಿಯನೈಟನ್ನು ಯುರೇನಿನೈಟ್ ಎಂದು ಕರೆದರೆ ಅದರ ಅರ್ಧಾಯುಷ್ಯ ಒಂದು ಕ್ಷಣವೂ ಬದಲಾಗುವುದಿಲ್ಲ. ಕುಮಾರಸ್ವಾಮಿ ಒಂದು ಹೆಸರಿಟ್ಟರು, ಡನ್‌ಸ್ಟನ್ ಇನ್ನೊಂದಿಟ್ಟರು, ಕಲ್ಲು ತನ್ನ ಪಾಡಿಗೆ ಸಿಡಿಯುತ್ತಿತ್ತು. ಮನುಷ್ಯರು ತಮ್ಮ ಹೆಸರನ್ನು ಕೇಳಿಸಿಕೊಳ್ಳುತ್ತಾರೆ, ಕೇಳಿಸಿಕೊಂಡು ಬದಲಾಗುತ್ತಾರೆ. ಕೆನಡಾದ ತತ್ತ್ವಜ್ಞಾನಿ ಇಯಾನ್ ಹ್ಯಾಕಿಂಗ್ ಇದರ ಬಗ್ಗೆ ಬಹಳ ಬರೆದಿದ್ದಾರೆ. ‘ನೀನು ಆ ಕಡೆಯವಳು’ ಎಂದು ಹತ್ತು ಸಲ ಕೇಳಿಸಿಕೊಂಡವಳು ಹನ್ನೊಂದನೆಯ ಸಲ ಆ ಕಡೆಗೇ ಹೋಗುತ್ತಾಳೆ. ಅಲ್ಲಿಗೆ ಅಳತೆ ಸರಿಯಿತ್ತೆಂದು ಸಾಬೀತಾಗುತ್ತದೆ, ಅಳೆದವರು ತಲೆಯಾಡಿಸುತ್ತಾರೆ. ಖನಿಜಶಾಸ್ತ್ರಜ್ಞನ ತಪ್ಪನ್ನು ಮುಂದಿನ ವಿಶ್ಲೇಷಣೆ ತಿದ್ದುತ್ತದೆ. ಮನುಷ್ಯರನ್ನು ವರ್ಗೀಕರಿಸುವವರ ತಪ್ಪನ್ನು ಮುಂದಿನ ಅಳತೆ ಸಮರ್ಥಿಸಿಬಿಡುತ್ತದೆ. ಆದ್ದರಿಂದ ಜನರ ನಡುವೆ ಗೆರೆ ಎಳೆಯುವವರ ಮೇಲೆ ಖನಿಜಶಾಸ್ತ್ರಜ್ಞನಿಗಿಲ್ಲದ ಒಂದು ಹೊಣೆ ಬೀಳುತ್ತದೆ: ಇದು ಯಾತಕ್ಕಾಗಿ ಎಳೆದ ಗೆರೆ ಎಂದು ಹೇಳಬೇಕು, ಆ ಕೆಲಸ ಮುಗಿದ ಮೇಲೆ ಅಳಿಸಬೇಕು. ಸೀಟು ಹಂಚಲು ಎಳೆದ ಗೆರೆ ಸೀಟು ಹಂಚಿದಲ್ಲಿಗೆ ಮುಗಿಯಲಿ. ಅದು ಮದುವೆಯ ಪಂಕ್ತಿಗೆ ಬರಬಾರದು.

ಇಂಪೀರಿಯಲ್ ಇನ್‌ಸ್ಟಿಟ್ಯೂಟಿನ ಗೆರೆಗೂ ಒಂದು ಉದ್ದೇಶವಿತ್ತು. ಮ್ಯಾಂಟಲ್ ತಯಾರಕರಿಗೆ ಥೋರಿಯಂ ಬೇಕಿತ್ತು, ಇದು ಥೋರಿಯಂ ತುಂಬಿದ ಅದಿರು ಎಂದು ಹೆಸರೇ ಹೇಳುವಂತಿತ್ತು. ಅದು ಸುಳ್ಳೇನಲ್ಲ. ಕೊಳ್ಳುವವರ ಕಣ್ಣಿನಿಂದ ನೋಡಿದ ನಿಜ. ಅದೇ ಕಲ್ಲನ್ನು ಬೇರೆ ಪ್ರಶ್ನೆಯೊಂದಿಗೆ ನೋಡಿದವರಿಗೆ ಬೇರೆಯದೇ ಸಿಕ್ಕಿತು. ವಿಲಿಯಂ ರ‍್ಯಾಮ್ಸೆಯ ಪ್ರಯೋಗಾಲಯದಲ್ಲಿ 1905ರಲ್ಲಿ ತರುಣ ಒಟ್ಟೊ ಹಾನ್ ಸಿಲೋನಿನ ಥೋರಿಯನೈಟಿನಿಂದ ತೆಗೆದ ವಸ್ತುವಿನಲ್ಲಿ ಹೊಸತೊಂದನ್ನು ಕಂಡು ಅದಕ್ಕೆ ‘ರೇಡಿಯೋಥೋರಿಯಂ’ ಎಂದು ಹೆಸರಿಟ್ಟ. ಎಷ್ಟು ಒದ್ದಾಡಿದರೂ ಅದನ್ನು ರಾಸಾಯನಿಕವಾಗಿ ಥೋರಿಯಂನಿಂದ ಬೇರ್ಪಡಿಸಲಾಗಲಿಲ್ಲ. ಆಮೇಲೆ ತಿಳಿದದ್ದು, ಅದು ಹೊಸ ಧಾತುವೇ ಅಲ್ಲ, ಥೋರಿಯಂನದೇ ಇನ್ನೊಂದು ಐಸೋಟೋಪ್. ತೂಕ ಬೇರೆ, ಆಯಸ್ಸು ಬೇರೆ, ಕೂರುವ ಮನೆ ಒಂದೇ. ರೇಡಿಯೋಥೋರಿಯಂ ಎಂಬ ಹೆಸರು ಈಗ ಇತಿಹಾಸದ ಪುಸ್ತಕಗಳಲ್ಲಿ ಮಾತ್ರ ಇದೆ. ಆರ್. ಜೆ. ಸ್ಟ್ರಟ್ ಆ ಹರಳಿನೊಳಗೆ ಸಿಕ್ಕಿಕೊಂಡಿದ್ದ ಹೀಲಿಯಂ ಅಳೆದ. ಗ್ರಾಂಗೆ ಸುಮಾರು ಒಂಬತ್ತು ಘನ ಸೆಂಟಿಮೀಟರು. ಅದರಿಂದ ಕಲ್ಲಿಗೆ ಕನಿಷ್ಠ 28 ಕೋಟಿ ವರ್ಷವಾದರೂ ಆಗಿರಬೇಕೆಂದು 1910ರಲ್ಲಿ ಲೆಕ್ಕ ಹಾಕಿದ. ಹೀಲಿಯಂ ಸೋರಿಹೋಗುತ್ತದೆ, ಆದ್ದರಿಂದ ನಿಜವಾದ ವಯಸ್ಸು ಅದಕ್ಕಿಂತ ಹೆಚ್ಚು ಎಂದು ಅವನಿಗೆ ಗೊತ್ತಿತ್ತು. ನನಗೆ ಈ ಮೂವರಲ್ಲಿ ಸ್ಟ್ರಟ್ ಹೆಚ್ಚು ಇಷ್ಟ. ಅವನು ಕಲ್ಲನ್ನು ನೀನು ಯಾರು ಎಂದು ಕೇಳಲಿಲ್ಲ, ನಿನಗೆ ಎಷ್ಟು ಕಾಲವಾಯಿತು ಎಂದು ಕೇಳಿದ. ಸಿಕ್ಕ ಉತ್ತರವನ್ನೂ ‘ಕನಿಷ್ಠ’ ಎಂಬ ಮಾತು ಸೇರಿಸಿ ಬರೆದ.

ಕುಮಾರಸ್ವಾಮಿಯವರನ್ನು ಯಾವ ಖಾನೆಗೆ ಹಾಕುವುದು? ತಂದೆ ಕೊಲಂಬೋದ ತಮಿಳರು, ತಾಯಿ ಇಂಗ್ಲೆಂಡಿನವರು. ಸರಿಯಾಗಿ ಐವತ್ತು ಐವತ್ತು. ಎರಡು ವರ್ಷದ ಮಗುವಾಗಿದ್ದಾಗಲೇ ತಂದೆ ತೀರಿಕೊಂಡರು, ಬೆಳೆದದ್ದು ಇಂಗ್ಲೆಂಡಿನಲ್ಲಿ. ನಮ್ಮ ಜನಗಣತಿಯ ವ್ಯಾಖ್ಯೆಯಂತೆ ಅವರ ಮಾತೃಭಾಷೆ ಇಂಗ್ಲಿಷ್. ಈಗಿನ ಪ್ರಮಾಣ ನೋಡಿದರೂ, ಹುಟ್ಟು ನೋಡಿದರೂ, ಇದ್ದ ಅವಧಿ ನೋಡಿದರೂ ಅವರು ‘ನಮ್ಮವರು’ ಎನ್ನುವುದಕ್ಕೆ ಯಾವ ತಕ್ಕಡಿಯಲ್ಲೂ ಸ್ಪಷ್ಟ ಬಹುಮತ ಸಿಗುವುದಿಲ್ಲ. ಹಾಗಿದ್ದೂ ಸಿಲೋನಿನ ಗುಡ್ಡಗಳಲ್ಲಿ ಕಲ್ಲು ಕುಟ್ಟುತ್ತಾ ಅಲೆದ ಅದೇ ದಿನಗಳಲ್ಲಿ, 1905ರಲ್ಲಿ, ಯುರೋಪಿನ ಉಡುಗೆತೊಡುಗೆಯನ್ನು ಅನುಕರಿಸುವ ಸಿಂಹಳೀಯರನ್ನೂ ತಮಿಳರನ್ನೂ ಕುರಿತು ‘ಎರವಲು ಗರಿಗಳು’ ಎಂಬ ಅರ್ಥದ ಶೀರ್ಷಿಕೆಯಲ್ಲಿ ಒಂದು ಕಿರುಹೊತ್ತಗೆ ಬರೆದರು. ಮೂರು ವರ್ಷದ ನಂತರ ಸಿಂಹಳದ ಕುಶಲಕರ್ಮಿಗಳ ಕಲೆಯ ಬಗ್ಗೆ ಇವತ್ತಿಗೂ ಬಿಡದೆ ನೋಡುವ ದೊಡ್ಡ ಗ್ರಂಥ ಬಂತು. ಅದನ್ನು ಅಚ್ಚು ಹಾಕಿದ್ದು ಇಂಗ್ಲೆಂಡಿನ ಹಳ್ಳಿಯೊಂದರಲ್ಲಿ, ವಿಲಿಯಂ ಮಾರಿಸ್ ಬಳಸುತ್ತಿದ್ದ ಕೈಮುದ್ರಣ ಯಂತ್ರದಲ್ಲಿ. ಗಂಟೆಗಳನ್ನು ಅವರು ಎಲ್ಲಿ ಕಳೆದರೋ ಅಲ್ಲಿಯವರಾದರು.

ಮುಂದಿನ ಜನಗಣತಿಗೆ ಸರ್ಕಾರ ಗೊತ್ತುಮಾಡಿರುವ ಉಲ್ಲೇಖ ದಿನ 2027ರ ಮಾರ್ಚ್ 1. ಈವರೆಗಿನ ನಮೂನೆಗಳಲ್ಲಿ ಮಾತೃಭಾಷೆಯ ಪಕ್ಕದಲ್ಲಿ, ತಿಳಿದಿರುವ ಇತರ ಭಾಷೆಗಳೆಂದು ಇನ್ನೂ ಎರಡು ಜಾಗ ಇರುತ್ತಿದ್ದವು. ಅವೂ ಇರಲಿ ಎಂದುಕೊಂಡಿದ್ದೇನೆ. ಮಗಳಿಗೆ ಈಗಲೇ ಹೇಳಿಟ್ಟಿದ್ದೇನೆ, ಎಣಿಸುವವರು ಬಂದಾಗ ಉತ್ತರ ಅವಳೇ ಕೊಡಬೇಕೆಂದು. ಮೂರಕ್ಕಿಂತ ಹೆಚ್ಚು ಬರೆಯಬಹುದಾ ಎಂದು ಕೇಳಿದಳು.